ಒಂದು ಊರು, ಎರಡು ಆಟ, 13 ವಾರಾಂತ್ಯ

2021ರ ನವೆಂಬರ್. ಐರ್ಲೆಂಡಿನ ಟಿಪ್ಪರರಿ ಕೌಂಟಿಯ, ಅಂದರೆ ಜಿಲ್ಲೆಯ, ಕ್ಲಬ್ಬುಗಳ ಹರ್ಲಿಂಗ್ ಫೈನಲ್‌ನಲ್ಲಿ ಲಾಕ್‌ಮೋರ್–ಕ್ಯಾಸಲೈನಿ ಎಂಬ ಹಳ್ಳಿ ಕ್ಲಬ್ಬಿಗೆ ಥರ್ಲೆಸ್ ಸಾರ್ಸ್‌ಫೀಲ್ಡ್ಸ್ ಎದುರಾಗಿತ್ತು. ಪಂದ್ಯ ಸಮವಾಯಿತು. ಮತ್ತೆ ಆಡಿದರು, ಗೆದ್ದರು. ಉಸಿರು ಬಿಡಲು ಪುರುಸೊತ್ತಿರಲಿಲ್ಲ, ಏಕೆಂದರೆ ಅದೇ ಕೌಂಟಿಯ ಗೇಲಿಕ್ ಫುಟ್‌ಬಾಲ್ ಫೈನಲ್ಲೂ ಅದೇ ದಿನಗಳಲ್ಲಿತ್ತು. ಅದನ್ನೂ ಗೆದ್ದರು. ಎರಡೂ ತಂಡಗಳಲ್ಲಿ ಆಡಿದವರು ಹೆಚ್ಚುಕಡಿಮೆ ಅದೇ ಹುಡುಗರು. ಒಂದೇ ವರ್ಷ ಎರಡೂ ಪಟ್ಟ ಗೆದ್ದ ಟಿಪ್ಪರರಿಯ ಮೊದಲ ಕ್ಲಬ್ ಎಂಬ ಹೆಸರನ್ನು ಈ ಊರು 2013ರಲ್ಲೇ ಪಡೆದಿತ್ತು. ಎಂಟು ವರ್ಷಗಳ ನಂತರ ಅದನ್ನೇ ಇನ್ನೊಮ್ಮೆ ಮಾಡಿ ತೋರಿಸಿತು.

ಓದುವಾಗ ರೋಮಾಂಚನವಾಗುವ ಕಥೆ, ನಿಜ. ನನಗೆ ಮಾತ್ರ ಇದನ್ನು ಓದಿದಾಗಲೆಲ್ಲ ಆ ಹುಡುಗರ ಕಾಲುಗಳ ಯೋಚನೆ ಬರುತ್ತದೆ. ವಾರದ ಹಿಂದೆ ವಾರ ಪಂದ್ಯ. ಒಂದು ವಾರ ಕೋಲು, ಮರುವಾರ ಚೆಂಡು. ಹೀಗೆ ಆಡಬೇಕಾದದ್ದು ಯಾಕೆ ಎಂದು ಕೇಳಿದರೆ ಉತ್ತರ ಮೈದಾನದಲ್ಲಿ ಸಿಗುವುದಿಲ್ಲ. ಅದು ಇರುವುದು ವೇಳಾಪಟ್ಟಿಯಲ್ಲಿ.

ಮೊದಲು ಆಟಗಳ ಪರಿಚಯ ಮಾಡಿಕೊಳ್ಳೋಣ. ಹರ್ಲಿಂಗ್ ಆಡುವುದು ಆ್ಯಷ್ ಮರದ ಬಾಗಿದ ಕೋಲಿನಿಂದ. ಹಾಕಿ ಕೋಲಿಗಿಂತ ಅದರ ತುದಿ ಅಗಲ, ಚಪ್ಪಟೆ. ಐರಿಷ್ ಭಾಷೆಯಲ್ಲಿ ಅದರ ಹೆಸರು ಕಮಾನ್. ಬಾಗಿದ್ದು ಎಂಬ ಅರ್ಥದ ಮಾತಿನಿಂದ ಹುಟ್ಟಿದ ಹೆಸರು. ನಮ್ಮ ಕಮಾನಿನ ಪಕ್ಕದಲ್ಲೇ ಬಂದು ಕೂತಿರುವುದು ಬರಿಯ ಕಾಕತಾಳೀಯ ಇರಬೇಕು. ಮುಷ್ಟಿಯೊಳಗೆ ಹಿಡಿಯುವ ಗಾತ್ರದ, 110ರಿಂದ 120 ಗ್ರಾಂ ತೂಗುವ ಚೆಂಡನ್ನು ಗಾಳಿಯಲ್ಲೇ ಹೊಡೆಯುತ್ತಾರೆ, ಹಿಡಿಯುತ್ತಾರೆ, ಕೋಲಿನ ತುದಿಯ ಮೇಲೆ ಕುಣಿಸುತ್ತ ಓಡುತ್ತಾರೆ. ಗೇಲಿಕ್ ಫುಟ್‌ಬಾಲ್‌ನಲ್ಲಿ ಕೋಲಿಲ್ಲ. ದೊಡ್ಡ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಒದೆಯಬಹುದು, ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ಕೊಡಬಹುದು. ಉಳಿದದ್ದು ಬಹುಪಾಲು ಒಂದೇ: ತಂಡಕ್ಕೆ 15 ಜನ, ಸುಮಾರು 140 ಮೀಟರ್ ಉದ್ದದ ಅದೇ ಮೈದಾನ, ಇಂಗ್ಲಿಷಿನ ಎಚ್ ಅಕ್ಷರದ ಹಾಗೆ ನಿಂತ ಅದೇ ಗೋಲು ಕಂಬ. ಮೈದಾನ ಒಂದೇ ಆದ್ದರಿಂದ ಎರಡೂ ಆಟಗಳು ಒಂದೇ ಕ್ಲಬ್ಬಿನ ಸೂರಿನಡಿ ಬೆಳೆದವು. ತಾಪತ್ರಯವೂ ಅಲ್ಲಿಂದಲೇ ಶುರು.

ಎರಡನ್ನೂ ನಡೆಸುವುದು ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಚಿಕ್ಕದಾಗಿ ಜಿಎಎ. 1884ರ ನವೆಂಬರ್ 1ರಂದು ಥರ್ಲೆಸ್ ಪಟ್ಟಣದ ಹೇಯ್ಸ್ ಹೋಟೆಲಿನಲ್ಲಿ ಹುಟ್ಟಿದ ಸಂಸ್ಥೆ. ಇಲ್ಲಿ ಯಾವ ಆಟಗಾರನಿಗೂ ಸಂಬಳವಿಲ್ಲ. 82,000ಕ್ಕೂ ಹೆಚ್ಚು ಜನ ಹಿಡಿಸುವ ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಭಾನುವಾರ ಫೈನಲ್ ಆಡಿದ ಶಾಲಾ ಮೇಷ್ಟ್ರು, ರಜೆ ಮುಗಿದರೆ ಮತ್ತೆ ತರಗತಿಯ ಕರಿಹಲಗೆಯ ಮುಂದೆ. ಆಟಗಾರರ ಹರಾಜು, ಖರೀದಿ ಎಂಬುದು ಇಲ್ಲ. ಹುಟ್ಟಿದ ಪ್ಯಾರಿಷ್, ಅಂದರೆ ಚರ್ಚಿನ ಸುತ್ತಲಿನ ಊರು, ಅದೇ ನಿಮ್ಮ ಕ್ಲಬ್. ಕ್ಲಬ್ಬುಗಳಲ್ಲಿ ಚೆನ್ನಾಗಿ ಆಡುವವರನ್ನು ಆರಿಸಿ ಕೌಂಟಿ ತಂಡ ಕಟ್ಟುತ್ತಾರೆ. ಟಿವಿಯಲ್ಲಿ ಬರುವುದು, ಕ್ರೀಡಾಂಗಣ ತುಂಬುವುದು ಕೌಂಟಿ ಪಂದ್ಯಗಳಿಗೆ. ಆದರೆ ಆಡುವವರಲ್ಲಿ ಬಹುಪಾಲು ಜನ ಜೀವಮಾನದಲ್ಲಿ ಒಮ್ಮೆಯೂ ಕೌಂಟಿಯ ಜೆರ್ಸಿ ತೊಡದವರು, ಬರೀ ಕ್ಲಬ್ಬಿನವರು.

ಕೌಂಟಿಗೂ ಕ್ಲಬ್ಬಿಗೂ ಒಬ್ಬನೇ ಆಟಗಾರ ಬೇಕು. ಇದು ಎಲ್ಲ ಕ್ಲಬ್ಬುಗಳಿಗೂ ಇರುವ ತಲೆನೋವು. ಎರಡೂ ಆಟ ಆಡುವ ಕ್ಲಬ್ಬಿಗೆ, ಅಲ್ಲಿಯವರ ಮಾತಿನಲ್ಲಿ ಡ್ಯುಯಲ್ ಕ್ಲಬ್ಬಿಗೆ, ಇದರ ಮೇಲೆ ಇನ್ನೊಂದು ಹೊರೆ: ತನ್ನ ಹರ್ಲಿಂಗ್ ತಂಡಕ್ಕೂ ತನ್ನದೇ ಫುಟ್‌ಬಾಲ್ ತಂಡಕ್ಕೂ ಮತ್ತೆ ಅದೇ ಹುಡುಗ ಬೇಕು.

ಹಳೆಯ ಕ್ಯಾಲೆಂಡರಿನಲ್ಲಿ ಕೌಂಟಿ ಆಟ ವರ್ಷದ ಒಳ್ಳೆಯ ತಿಂಗಳುಗಳನ್ನೆಲ್ಲ ನುಂಗಿ ಕೂತಿತ್ತು. ಅಖಿಲ ಐರ್ಲೆಂಡ್ ಹರ್ಲಿಂಗ್ ಫೈನಲ್ ಸೆಪ್ಟೆಂಬರಿನ ಮೊದಲ ಭಾನುವಾರ, ಫುಟ್‌ಬಾಲ್ ಫೈನಲ್ ಮೂರನೆಯ ಭಾನುವಾರ. ದಶಕಗಟ್ಟಲೆ ಇದು ಹಬ್ಬದ ತಿಥಿಯಂತೆ ನಿಶ್ಚಿತವಾಗಿತ್ತು. ಅಲ್ಲಿಯವರೆಗೆ ಕ್ಲಬ್ಬಿನ ಗತಿ? ಏಪ್ರಿಲ್‌ನಲ್ಲಿ ಒಂದೋ ಎರಡೋ ಪಂದ್ಯ, ಆಮೇಲೆ ಕೌಂಟಿ ತಂಡ ಸೋತು ಮನೆಗೆ ಬರುವವರೆಗೆ ಕಾಯುವುದು. ಯಾವಾಗ ಸೋಲುತ್ತದೆ ಎಂದು ಯಾರು ಹೇಳಬಲ್ಲರು? ಸ್ವಂತ ಕೌಂಟಿಯ ಸೋಲನ್ನು ಬಾಯಿಬಿಟ್ಟು ಬಯಸಲಾಗದು, ಗೆದ್ದರೆ ಬೇಸಿಗೆ ಪೂರ್ತಿ ಬರಿದು. ಮದುವೆಯ ದಿನ ಗೊತ್ತು ಮಾಡುವಂತಿಲ್ಲ, ರಜೆಗೆ ಟಿಕೆಟ್ ಕಾಯ್ದಿರಿಸುವಂತಿಲ್ಲ. ಮುಂದಿನ ಪಂದ್ಯ ಹತ್ತು ದಿನದಲ್ಲೋ ಹತ್ತು ವಾರದಲ್ಲೋ ತಿಳಿಯದು. ಎರಡೂ ಆಟ ಬಲವಾಗಿರುವ ಕಾರ್ಕ್, ಗಾಲ್ವೇಯಂಥ ಕೌಂಟಿಗಳಲ್ಲಿ ಕಾಯಬೇಕಾದದ್ದು ಒಂದಲ್ಲ, ಎರಡು ಕೌಂಟಿ ತಂಡಗಳಿಗಾಗಿ.

2017ರ ಆರಂಭದಲ್ಲಿ ಕ್ಲಬ್ ಆಟಗಾರರು ಕೂಡಿ ಕ್ಲಬ್ ಪ್ಲೇಯರ್ಸ್ ಅಸೋಸಿಯೇಷನ್ ಎಂಬ ಸಂಘಟನೆ ಕಟ್ಟಿದ್ದು ಈ ಸಂಕಟಕ್ಕೆ. ಅವರ ಬೇಡಿಕೆ ಒಂದೇ: ವೇಳಾಪಟ್ಟಿ ಸರಿಮಾಡಿ. 2018ರಲ್ಲಿ ಜಿಎಎ ಏಪ್ರಿಲ್ ತಿಂಗಳನ್ನು ಕ್ಲಬ್ಬುಗಳಿಗೇ ಬಿಟ್ಟುಕೊಟ್ಟಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮೇ ತಿಂಗಳಲ್ಲಿ ಕೌಂಟಿ ಚಾಂಪಿಯನ್‌ಶಿಪ್ ಇಟ್ಟುಕೊಂಡು ಯಾವ ಕೌಂಟಿ ಮ್ಯಾನೇಜರ್ ತನ್ನ ಹುಡುಗರನ್ನು ಏಪ್ರಿಲ್‌ನಲ್ಲಿ ಖುಷಿಯಿಂದ ಕಳಿಸಿಯಾನು? ಹಲವು ಕೌಂಟಿಗಳಲ್ಲಿ ಒಂದೆರಡು ಸುತ್ತು ಆಡಿಸಿ ಕೈತೊಳೆದುಕೊಂಡರು.

ದಾರಿ ತೆರೆದದ್ದು ಕೊರೊನಾ. 2020ರ ಬೇಸಿಗೆಯಲ್ಲಿ ನಿರ್ಬಂಧ ಸಡಿಲಗೊಂಡಾಗ ದೊಡ್ಡ ಜನಸಂದಣಿಗೆ ಅವಕಾಶವಿರಲಿಲ್ಲ. ಹಾಗಾಗಿ ಜಿಎಎ ಕ್ರಮವನ್ನೇ ತಲೆಕೆಳಗು ಮಾಡಿ ಜುಲೈಯಿಂದ ಕ್ಲಬ್ ಪಂದ್ಯಗಳನ್ನು ಮೊದಲು ಆಡಿಸಿತು. ಕೌಂಟಿ ಚಾಂಪಿಯನ್‌ಶಿಪ್ ಆಮೇಲೆ ನಡೆದು ಫೈನಲ್‌ಗಳು ಡಿಸೆಂಬರಿನಲ್ಲಿ ಮುಗಿದವು. ಅಕ್ಟೋಬರ್ 5ರಂದು ಕ್ಲಬ್ ಪಂದ್ಯಗಳನ್ನು ನಿಲ್ಲಿಸಬೇಕಾಗಿ ಬಂದು ಕೆಲವು ಫೈನಲ್‌ಗಳು ಬಾಕಿ ಉಳಿದದ್ದು ಬೇರೆ ಮಾತು. ಆದರೆ ಅದಕ್ಕೆ ಮುಂಚಿನ ಆ ಕೆಲವು ವಾರ ಇಡೀ ದೇಶದ ಕ್ಲಬ್ ಆಟಗಾರರಿಗೆ ಹೊಸದೊಂದು ರುಚಿ ಹತ್ತಿತ್ತು: ಒಣ ಮೈದಾನ, ದೀರ್ಘ ಸಂಜೆ, ಕೌಂಟಿ ಆಟಗಾರರೂ ಸೇರಿದ ಪೂರ್ಣ ತಂಡ, ಮೊದಲೇ ಗೊತ್ತಿರುವ ದಿನಾಂಕ. 2021ರ ಫೆಬ್ರವರಿಯ ವಾರ್ಷಿಕ ಅಧಿವೇಶನದಲ್ಲಿ ಸ್ಪ್ಲಿಟ್ ಸೀಸನ್, ಅಂದರೆ ವರ್ಷವನ್ನು ಇಬ್ಭಾಗ ಮಾಡುವ ಪದ್ಧತಿ, ಅಂಗೀಕಾರವಾಯಿತು. ವರ್ಷದ ಮೊದಲರ್ಧ ಕೌಂಟಿಗೆ, ಉಳಿದರ್ಧ ಕ್ಲಬ್ಬಿಗೆ. ಕ್ಲಬ್ ಆಟಗಾರರ ಸಂಘಟನೆ ಕೆಲಸ ಮುಗಿಯಿತೆಂದು ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಹೀಗೆ ಗೆದ್ದು ಬಾಗಿಲು ಮುಚ್ಚಿದ ಸಂಘಟನೆಗಳು ಜಗತ್ತಿನಲ್ಲಿ ಎಷ್ಟಿದ್ದಾವು!

ಪೂರ್ಣ ರೂಪದಲ್ಲಿ ಇದು ಜಾರಿಯಾದದ್ದು 2022ರಲ್ಲಿ. ಆ ವರ್ಷ ಹರ್ಲಿಂಗ್ ಫೈನಲ್ ಜುಲೈ 17ಕ್ಕೆ, ಫುಟ್‌ಬಾಲ್ ಫೈನಲ್ ಜುಲೈ 24ಕ್ಕೆ. ಒಂದೇ ಆಟ ಆಡುವ ಕ್ಲಬ್ಬಿಗೆ ಇದರಿಂದ ನಿಜಕ್ಕೂ ಬಿಡುಗಡೆ ಸಿಕ್ಕಿತು. ಡ್ಯುಯಲ್ ಕ್ಲಬ್ಬಿಗೆ ಸಿಕ್ಕಿದ್ದೇನು ಎಂದು ತಿಳಿಯಲು ಕಾಗದ ಪೆನ್ನು ಹಿಡಿದು ಕೂರಬೇಕು.

ಕಾರ್ಕ್ ಕೌಂಟಿಯ ಮಾದರಿಯನ್ನು ತೆಗೆದುಕೊಳ್ಳೋಣ. 2020ರಿಂದ ಅಲ್ಲಿ ಒಂದೊಂದು ದರ್ಜೆಯಲ್ಲಿ 12 ಕ್ಲಬ್ಬುಗಳು, ನಾಲ್ಕು ನಾಲ್ಕರಂತೆ ಮೂರು ಗುಂಪು. ಅಂದರೆ ಪ್ರತಿ ತಂಡಕ್ಕೂ ಮೂರು ಗುಂಪು ಪಂದ್ಯ ಖಚಿತ. ಮುಂದೆ ಹೋದರೆ ಕ್ವಾರ್ಟರ್‌ಫೈನಲ್, ಸೆಮಿಫೈನಲ್, ಫೈನಲ್. ಗುಂಪಿನಲ್ಲಿ ತೀರ ಮೇಲೆ ನಿಂತವರಿಗೆ ಒಂದು ಮೆಟ್ಟಿಲು ತಪ್ಪಬಹುದು. ಒಟ್ಟು ಆರು. ಎರಡು ಆಟಕ್ಕೆ ಹನ್ನೆರಡು. ಕೌಂಟಿ ಋತು ಜುಲೈ ಕೊನೆಗೆ ಮುಗಿಯುತ್ತದೆ. ನವೆಂಬರ್ ಹೊತ್ತಿಗೆ ಪ್ರಾಂತ್ಯ ಮಟ್ಟದ ಕ್ಲಬ್ ಪಂದ್ಯಗಳು ಕಾದಿರುತ್ತವೆ, ಅಷ್ಟರೊಳಗೆ ಕೌಂಟಿ ತನ್ನ ಚಾಂಪಿಯನ್ ಯಾರೆಂದು ಹೇಳಲೇಬೇಕು. ಆಗಸ್ಟ್ ಆರಂಭದಿಂದ ಅಕ್ಟೋಬರ್ ಕೊನೆಯವರೆಗೆ ಎಣಿಸಿ ನೋಡಿ: 13 ವಾರಾಂತ್ಯ. ಹನ್ನೆರಡು ಪಂದ್ಯಕ್ಕೆ ಹದಿಮೂರು ವಾರ. ಒಂದು ಬಿರುಮಳೆ, ಒಂದು ಮರುಪಂದ್ಯ, ಊರಿನಲ್ಲಿ ಒಂದು ಸಾವು. ಇಷ್ಟು ಸಾಕು, ಪಟ್ಟಿ ತುಂಬಿ ತುಳುಕುತ್ತದೆ.

ಈಗ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಹೆಸರು ಶಾನ್ ಎಂದಿಟ್ಟುಕೊಳ್ಳೋಣ. ವಯಸ್ಸು 24, ಕೆಲಸ ವೈರಿಂಗ್. ಅವನ ಕಾರಿನ ಡಿಕ್ಕಿಯಲ್ಲಿ ಎರಡು ಚೀಲ. ಒಂದರಲ್ಲಿ ಮೂರು ಹರ್ಲಿಂಗ್ ಕೋಲು, ಹೆಲ್ಮೆಟ್, ಹಿಡಿಕೆಗೆ ಸುತ್ತುವ ಟೇಪು. ಇನ್ನೊಂದರಲ್ಲಿ ಫುಟ್‌ಬಾಲ್ ಕೈಗವಸು. ಬೂಟು ಮಾತ್ರ ಎರಡಕ್ಕೂ ಒಂದೇ, ಒದ್ದೆ. ಶನಿವಾರ ಹರ್ಲಿಂಗ್ ಪಂದ್ಯ. ಭಾನುವಾರ ಮೈಕೈ ನೋವು. ಮಂಗಳವಾರ ಮತ್ತು ಗುರುವಾರ ಸಂಜೆ ಅಭ್ಯಾಸ. ಮುಂದಿನ ಶನಿವಾರ ಫುಟ್‌ಬಾಲ್ ಇರುವುದರಿಂದ ಎರಡೂ ದಿನ ಫುಟ್‌ಬಾಲ್ ಅಭ್ಯಾಸವೇ. ಅಂದರೆ ಆ ವಾರ ಕ್ಲಬ್ಬಿನ ಮೈದಾನದಲ್ಲಿ ಅವನು ಕೋಲು ಮುಟ್ಟುವುದಿಲ್ಲ. ಹರ್ಲಿಂಗ್ ಎಂಬುದು ಕೈಯ ರೂಢಿಯ ಮೇಲೆ ನಿಂತ ಆಟ, ಪಿಟೀಲಿನ ಹಾಗೆ. ಹಾಗಾಗಿ ರಾತ್ರಿ ಊಟದ ನಂತರ ಮನೆಯ ಹಿಂದಿನ ಗೋಡೆಗೆ ಚೆಂಡು ಹೊಡೆಯುತ್ತ ನಿಲ್ಲುತ್ತಾನೆ.

ಐದನೆಯ ವಾರ ಅವನ ತೊಡೆಯ ಹಿಂದಿನ ಸ್ನಾಯು ಹಿಡಿದುಕೊಳ್ಳುತ್ತದೆ ಎನ್ನಿ. ವೈದ್ಯರು ಹೇಳುವುದು ಮೂರು ವಾರ. ಬರೀ ಹರ್ಲಿಂಗ್ ಕ್ಲಬ್ಬಿನವನಾಗಿದ್ದರೆ ಎರಡು ವಾರಕ್ಕೊಂದು ಪಂದ್ಯದ ಲೆಕ್ಕದಲ್ಲಿ ಒಂದೋ ಎರಡೋ ತಪ್ಪುತ್ತಿದ್ದವು. ಶಾನ್‌ಗೆ ತಪ್ಪುವುದು ಮೂರು, ಎರಡೂ ಸ್ಪರ್ಧೆಗಳಲ್ಲಿ. ಮೂರು ವಾರ ಎಂಬುದು ಅವನ ಮಟ್ಟಿಗೆ ಋತುವಿನ ಕಾಲುಭಾಗ. ಅದರಲ್ಲೂ ಅವನು ಮೂರು ವಾರ ಸುಮ್ಮನಿರುವುದಿಲ್ಲ, ಎರಡಕ್ಕೇ ಪಟ್ಟಿ ಕಟ್ಟಿಕೊಂಡು ಇಳಿಯುತ್ತಾನೆ. ಕ್ಲಬ್ಬಿನಲ್ಲಿರುವ ಹುಡುಗರೇ ಇಪ್ಪತ್ತೈದೋ ಮೂವತ್ತೋ. ಅವನ ಜಾಗಕ್ಕೆ ನಿಲ್ಲಬೇಕಾದವನು ಹದಿನೆಂಟರ ಪೋರ ಅಥವಾ ಎರಡು ಮಕ್ಕಳ ತಂದೆ.

ಇದರಲ್ಲೊಂದು ಸೂಕ್ಷ್ಮ ಅನ್ಯಾಯವಿದೆ, ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ವಾರ ಬಿಟ್ಟು ವಾರ ಎಂಬ ಏರ್ಪಾಡು ಕಾಗದದ ಮೇಲೆ ಸಮಾನ. ಒಂದೇ ಆಟದ ಕ್ಲಬ್ಬಿಗೆ ಅದು ಹದಿನಾಲ್ಕು ದಿನದ ವಿರಾಮ: ಗಾಯ ಮಾಯಲು, ಎದುರಾಳಿಯ ವಿಡಿಯೊ ನೋಡಲು, ತಪ್ಪು ತಿದ್ದಲು. ಡ್ಯುಯಲ್ ಕ್ಲಬ್ಬಿಗೆ ಅದು ಏಳು ದಿನ, ಅದೂ ಬೇರೆ ಆಟದ ಗುಂಗಿನಲ್ಲಿ. ಎರಡೂ ತಂಡ ಅದೇ ದಿನ ಅದೇ ಮೈದಾನಕ್ಕೆ ಇಳಿಯುತ್ತವೆ. ಒಂದರ ಕಾಲು ತಾಜಾ, ಇನ್ನೊಂದರದ್ದು ಭಾರ. ಒಂದು ಆಟದಲ್ಲಿ ಬೇಗ ಸೋತರೆ ಡ್ಯುಯಲ್ ಕ್ಲಬ್ಬಿಗೆ ಒಳಗೊಳಗೇ ನಿರಾಳ. ಯಾರೂ ಬಾಯಿಬಿಟ್ಟು ಒಪ್ಪುವುದಿಲ್ಲ.

ಹಾಗೆಂದು ಎಲ್ಲವೂ ನಷ್ಟದ ಬಾಬತ್ತಲ್ಲ. ವಾರವಾರ ಪಂದ್ಯ ಆಡುವವರಿಗೆ ಪಂದ್ಯದ ಕಸುವು ತಾನಾಗಿ ಬರುತ್ತದೆ, ಅಭ್ಯಾಸ ಪಂದ್ಯ ಹುಡುಕಿಕೊಂಡು ಹೋಗಬೇಕಾಗಿಲ್ಲ. ಶನಿವಾರದ ಸೋಲನ್ನು ಮೆಲುಕು ಹಾಕಲು ವ್ಯವಧಾನವಿಲ್ಲದಿರುವುದೂ ಒಂದು ಬಗೆಯ ವರವೇ. ಲಾಕ್‌ಮೋರ್ ಗೆದ್ದದ್ದು ಇಂಥ ಓಟದ ಬಲದಿಂದಲೇ ಎಂದು ನನ್ನ ಅನಿಸಿಕೆ. ಆದರೆ ಆ ಓಟವನ್ನು ಕಂಡು ಎಲ್ಲ ಕ್ಲಬ್ಬಿಗೂ ಇದು ಸಾಧ್ಯ ಎನ್ನುವುದು, ನೂರರ ಗಡಿ ದಾಟಿದ ಅಜ್ಜಿಯನ್ನು ತೋರಿಸಿ ಬೀಡಿಯಿಂದ ಏನೂ ಆಗುವುದಿಲ್ಲ ಎಂದ ಹಾಗೆ.

ಸಮಯ ಇಕ್ಕಟ್ಟಾದಾಗ ಮೊದಲು ಏಟು ತಿನ್ನುವುದು ಊರಿನ ಎರಡನೆಯ ಆಟ. ಪ್ರತಿ ಡ್ಯುಯಲ್ ಕ್ಲಬ್ಬಿನಲ್ಲೂ ಒಂದು ದೊಡ್ಡದು, ಇನ್ನೊಂದು ಚಿಕ್ಕದು ಎಂಬ ಮೌನ ಒಪ್ಪಂದವಿರುತ್ತದೆ. ವಸಂತದಲ್ಲಿ ಕ್ಲಬ್ ಲೀಗ್ ನಡೆಯುವಾಗ, ಅದೂ ಕೌಂಟಿ ಆಟಗಾರರಿಲ್ಲದೆ, ಚಿಕ್ಕ ಆಟಕ್ಕೆ ಜನ ಕಡಿಮೆಯಾದರೆ ಪಂದ್ಯವನ್ನೇ ಬಿಟ್ಟುಕೊಡುತ್ತಾರೆ. ಶರತ್ಕಾಲದಲ್ಲಿ ದೊಡ್ಡ ಆಟದ ಸೆಮಿಫೈನಲ್ ಮುಂದಿದ್ದರೆ ಹಿಂದಿನ ವಾರದ ಚಿಕ್ಕ ಆಟಕ್ಕೆ ಒಳ್ಳೆಯ ಇಬ್ಬರು ಮೂವರನ್ನು ಬೆಂಚಿನ ಮೇಲೆ ಕೂರಿಸುತ್ತಾರೆ. ಹತ್ತು ವರ್ಷ ಹೀಗೆ ನಡೆದರೆ ಚಿಕ್ಕ ಆಟಕ್ಕೆ ಪಕ್ಕದ ಊರಿನ ಜೊತೆ ಸೇರಿ ಜಂಟಿ ತಂಡ ಕಟ್ಟಬೇಕಾಗುತ್ತದೆ.

ಹವಾಮಾನವೂ ಪಕ್ಷಪಾತಿ. ಹರ್ಲಿಂಗ್ ಬೇಸಿಗೆಯ ಆಟ. ಗಟ್ಟಿ ನೆಲದ ಮೇಲೆ ಚೆಂಡು ಪುಟಿಯಬೇಕು, ಒಣ ಕೈಗೆ ಸಿಗಬೇಕು. ಕೆಸರು, ಮಳೆ, ಗಾಳಿಯಲ್ಲಿ ಫುಟ್‌ಬಾಲ್ ಹೇಗೋ ಏಗುತ್ತದೆ, ಹರ್ಲಿಂಗ್ ಕುಂಟುತ್ತದೆ. ಒಳ್ಳೆಯ ಮೇ, ಜೂನ್, ಜುಲೈ ಕೌಂಟಿಗೆ ಹೋದ ಮೇಲೆ ಕ್ಲಬ್ ಹರ್ಲಿಂಗಿನ ನಿರ್ಣಾಯಕ ಪಂದ್ಯಗಳು ಬೀಳುವುದು ಅಕ್ಟೋಬರಿಗೆ. ಗೆಲ್ಲುತ್ತ ಹೋದರೆ ನವೆಂಬರ್, ಡಿಸೆಂಬರ್, ಕೊನೆಗೆ ಅಖಿಲ ಐರ್ಲೆಂಡ್ ಕ್ಲಬ್ ಫೈನಲ್ ಜನವರಿಯಲ್ಲಿ. ಅಕ್ಟೋಬರ್ ಕೊನೆಗೆ ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಅಲ್ಲಿ ಸಂಜೆ ಐದಕ್ಕೇ ಕತ್ತಲು. ದೀಪದ ಕಂಬವಿಲ್ಲದ ಮೈದಾನದಲ್ಲಿ ವಾರದ ಅಭ್ಯಾಸ ಮುಗಿದ ಹಾಗೆಯೇ. ಇದಕ್ಕೆಂದೇ ಎರಡು ಆಟವನ್ನು ಹೆಣೆಯುವ ಬದಲು ಹರ್ಲಿಂಗನ್ನು ಮೊದಲು ಮುಗಿಸಿ ಆಮೇಲೆ ಫುಟ್‌ಬಾಲ್ ಆಡಿಸೋಣ ಎಂಬ ವಾದವೂ ಇದೆ. ಹಾಗೆ ಮಾಡಿದರೆ ಒಂದು ಆಟದ ಮೇಲೆ ಮನಸ್ಸಿಡಬಹುದು. ಆದರೆ ಹರ್ಲಿಂಗ್ ಪಂದ್ಯಗಳೇ ವಾರವಾರ ಬಂದು ಎಲ್ಲ ಕ್ಲಬ್ಬುಗಳಿಗೂ ಉಸಿರು ಸಿಗದು. ಮೊದಲೇ ಪಟ್ಟ ಗೆದ್ದ ತಂಡ ಪ್ರಾಂತ್ಯದ ಪಂದ್ಯಕ್ಕೆ ತಿಂಗಳುಗಟ್ಟಲೆ ತಣ್ಣಗೆ ಕೂರಬೇಕು. ನನ್ನ ಕೇಳಿದರೆ ಹೆಣಿಗೆಯೇ ಮೇಲು, ಪಂದ್ಯಗಳ ಸಂಖ್ಯೆ ಇಳಿಸಿ ನಡುವೆ ಎರಡು ವಾರ ಖಾಲಿ ಬಿಡುವುದಾದರೆ.

ಸಂಖ್ಯೆ ಇಳಿಸುವ ಮಾತು ಕೌಂಟಿ ಬೋರ್ಡುಗಳಿಗೆ ಹಿಡಿಸುವುದಿಲ್ಲ. ಗುಂಪು ಪಂದ್ಯವೆಂದರೆ ಟಿಕೆಟ್ ಹಣ, ಜೊತೆಗೆ ಪ್ರತಿ ಕ್ಲಬ್ಬಿಗೂ ಕನಿಷ್ಠ ಮೂರು ಪಂದ್ಯದ ಖಾತರಿ. ಆದ್ದರಿಂದ ಕತ್ತರಿ ಬಿದ್ದದ್ದು ಬೇರೆಡೆ, ಮರುಪಂದ್ಯದ ಮೇಲೆ. ಸೋತರೆ ಮನೆಗೆ ಎನ್ನುವ ಹಂತದ ಪಂದ್ಯ ಸಮವಾದರೆ ಬಹುತೇಕ ಹೆಚ್ಚುವರಿ ಅವಧಿ, ಅದೂ ಸಾಲದಿದ್ದರೆ ಪೆನಾಲ್ಟಿ. ಆವತ್ತಿನದು ಆವತ್ತೇ ಮುಗಿಯಬೇಕು. 2024ರ ಅಲ್ಸ್ಟರ್ ಪ್ರಾಂತ್ಯದ ಕೌಂಟಿ ಫುಟ್‌ಬಾಲ್ ಫೈನಲ್ ಕೂಡ ಪೆನಾಲ್ಟಿಯಲ್ಲೇ ತೀರ್ಮಾನವಾಯಿತು.

ಕೆಲವು ಕಡೆ ಭೂಗೋಳವೇ ಪರಿಹಾರ ಒದಗಿಸಿದೆ. ಗಾಲ್ವೇಯಲ್ಲಿ ಹರ್ಲಿಂಗ್ ಬಹುಪಾಲು ದಕ್ಷಿಣ ಮತ್ತು ಪೂರ್ವಕ್ಕೆ, ಫುಟ್‌ಬಾಲ್ ಉತ್ತರ ಮತ್ತು ಪಶ್ಚಿಮಕ್ಕೆ. ಎರಡನ್ನೂ ಹಿಡಿದ ಕ್ಲಬ್ಬು ಕಡಿಮೆ. ಕಿಲ್ಕೆನಿಗೆ ಹರ್ಲಿಂಗ್ ಒಂದೇ ಪ್ರಪಂಚ. ಕಾರ್ಕಿನಲ್ಲಿ ಇನ್ನೊಂದು ಚಮತ್ಕಾರ: ಒಂದೇ ಬೀದಿಯ ಹುಡುಗರು ಎರಡು ಹೆಸರಿನ ಸೋದರ ಕ್ಲಬ್ಬುಗಳಲ್ಲಿ ಆಡುತ್ತಾರೆ. ಗ್ಲೆನ್ ರೋವರ್ಸ್ ಎಂದರೆ ಹರ್ಲಿಂಗ್, ಸೇಂಟ್ ನಿಕೋಲಸ್ ಎಂದರೆ ಫುಟ್‌ಬಾಲ್. ಇವೆರಡರಲ್ಲೂ ಆಡಿದ ಜಾಕ್ ಲಿಂಚ್ 1941ರಿಂದ 1946ರವರೆಗೆ ಸಾಲಾಗಿ ಆರು ವರ್ಷ ಕಾರ್ಕ್ ಪರ ಅಖಿಲ ಐರ್ಲೆಂಡ್ ಪದಕ ಗೆದ್ದರು, ಐದು ಹರ್ಲಿಂಗಿನಲ್ಲಿ, ನಡುವೆ 1945ರದ್ದು ಫುಟ್‌ಬಾಲ್‌ನಲ್ಲಿ. ಮುಂದೆ ಅವರು ದೇಶದ ಪ್ರಧಾನಿಯಾದರು. ಒಂದೇ ವರ್ಷ ಎರಡೂ ಆಟಗಳ ಸೀನಿಯರ್ ದರ್ಜೆಯ ಅಖಿಲ ಐರ್ಲೆಂಡ್ ಫೈನಲ್ ಆಡಿ ಗೆದ್ದವರು ಕಾರ್ಕಿನ ಟೆಡ್ಡಿ ಮೆಕಾರ್ಥಿ ಒಬ್ಬರೇ: 1990ರ ಸೆಪ್ಟೆಂಬರ್ 2ರಂದು ಹರ್ಲಿಂಗ್, 16ರಂದು ಫುಟ್‌ಬಾಲ್.

ಈಗ ಅದು ಆಗದ ಮಾತು. ಜನವರಿಯಿಂದ ಜುಲೈವರೆಗಿನ ಕಿರಿದಾದ ಕೌಂಟಿ ಋತುವಿನಲ್ಲಿ ಎರಡೂ ಆಟ ಅಕ್ಕಪಕ್ಕದಲ್ಲೇ ಓಡುತ್ತವೆ. ಎರಡು ದೋಣಿಯ ಮೇಲೆ ಕಾಲಿಡಲು ಯಾವ ಮ್ಯಾನೇಜರೂ ಬಿಡುವುದಿಲ್ಲ. ಹಾಗಾಗಿ ಗಂಡಸರಲ್ಲಿ ಎರಡೂ ಆಟ ಆಡುವ ಆಟಗಾರ ಉಳಿದಿರುವುದು ಬಹುಮಟ್ಟಿಗೆ ಕ್ಲಬ್ಬಿನಲ್ಲಿ. ಡಬ್ಲಿನ್ನಿನ ಕೂಲಾ ಕ್ಲಬ್ 2017 ಮತ್ತು 2018ರಲ್ಲಿ ಅಖಿಲ ಐರ್ಲೆಂಡ್ ಕ್ಲಬ್ ಹರ್ಲಿಂಗ್ ಪಟ್ಟ ಗೆದ್ದು, 2025ರ ಜನವರಿಯಲ್ಲಿ ಫುಟ್‌ಬಾಲ್ ಪಟ್ಟವನ್ನೂ ಗೆದ್ದಿತು. ಎರಡರಲ್ಲೂ ಗೆದ್ದ ಕ್ಲಬ್ ಅದಕ್ಕೂ ಮುಂಚೆ ಒಂದೇ ಇತ್ತು, ಕಾರ್ಕಿನ ಸೇಂಟ್ ಫಿನ್‌ಬಾರ್ಸ್. ಡಬ್ಲಿನ್ ಕೌಂಟಿಯ ಫುಟ್‌ಬಾಲ್ ತಾರೆ ಕಾನ್ ಓ’ಕ್ಯಾಲಹನ್ ಕೂಲಾದ ಈ ಮೂರೂ ಗೆಲುವುಗಳಲ್ಲಿ ಆಡಿದ್ದಾರೆ. ಕೂಲಾ ನಗರದ ದೊಡ್ಡ ಕ್ಲಬ್, ಜನಬಲಕ್ಕೆ ಬರವಿಲ್ಲ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಡೆರಿ ಕೌಂಟಿಯ ಸ್ಲಾಟ್‌ನೀಲ್. ಆ ಪುಟ್ಟ ಹಳ್ಳಿ 2016ರಲ್ಲಿ ಅಲ್ಸ್ಟರ್ ಪ್ರಾಂತ್ಯದ ಹರ್ಲಿಂಗ್, ಫುಟ್‌ಬಾಲ್ ಮತ್ತು ಕಮೋಗಿ ಮೂರೂ ಕ್ಲಬ್ ಪಟ್ಟಗಳನ್ನು ಗೆದ್ದಿತು.

ಕಮೋಗಿ ಎಂದರೆ ಹೆಂಗಸರ ಹರ್ಲಿಂಗ್. ಅದರ ಆಡಳಿತ 1904ರಲ್ಲಿ ಹುಟ್ಟಿದ ಬೇರೆಯದೇ ಸಂಸ್ಥೆಯದು. ಹೆಂಗಸರ ಫುಟ್‌ಬಾಲ್‌ಗೆ 1974ರ ಮತ್ತೊಂದು ಸಂಸ್ಥೆ. ಎರಡು ಕಚೇರಿ, ಎರಡು ವೇಳಾಪಟ್ಟಿ. ಒಂದೇ ಹುಡುಗಿಗೆ ಒಂದೇ ದಿನ ಎರಡು ಊರುಗಳಲ್ಲಿ ಎರಡು ಪಂದ್ಯ ಬಿದ್ದದ್ದುಂಟು. ಇಂಥದ್ದರ ನಡುವೆಯೂ ಕಾರ್ಕಿನ ರೀನಾ ಬಕ್ಲಿ ಮತ್ತು ಬ್ರೀಜ್ ಕಾರ್ಕರಿ ಎರಡೂ ಆಟ ಸೇರಿ ತಲಾ 18 ಅಖಿಲ ಐರ್ಲೆಂಡ್ ಪದಕ ಗೆದ್ದಿದ್ದಾರೆ. ಮೂರೂ ಸಂಸ್ಥೆಗಳು 2027ರ ಹೊತ್ತಿಗೆ ಒಂದಾಗಬೇಕೆಂಬ ಗುರಿ ಇಟ್ಟುಕೊಂಡು ಕೆಲಸ ನಡೆದಿದೆ. ಆಗ ಶಾನ್‌ನ ಪಂದ್ಯಗಳೂ ಅವನ ತಂಗಿಯ ಪಂದ್ಯಗಳೂ ಒಂದೇ ಪಟ್ಟಿಯಲ್ಲಿ ಬರಬೇಕು, ಮತ್ತು ಮಂಗಳವಾರ ಸಂಜೆ ಊರಿನ ಆ ಒಂದು ಮೈದಾನ ಯಾವ ತಂಡಕ್ಕೆ ಎಂಬುದನ್ನು ಆ ಪಟ್ಟಿ ನೋಡಿಯೇ ಹೇಳಬೇಕು.